ಬೀಳ್ಕೊಡುಗೆ ಮುಗಿದ ಮೇಲೆ

“ಬರ್ಕೊಳ್ಳಿ ಸಾರ್ಜೆಂಟ್. ನಾನೇ ಕರ್ಕೊಂಡು ಹೋದೆ, ನಾನೇ ಒಬ್ಳೇ ವಾಪಸ್ ಬಂದೆ. ಇನ್ನೂ ಎಷ್ಟು ಸಲ ಹೇಳ್ಬೇಕು?”

ಎನಿಡ್ ಹೋಲ್‌ರಾಯ್ಡ್ ಶುಂಠಿ ಕೇಕಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಕಳೆದ ವಾರ ಇದೇ ಅಡುಗೆಮನೆಯಲ್ಲಿ ಕೂತು ಇದೇ ಮಾತನ್ನು ಕೇಳಿದ್ದೆ. ಕೈಕಾಲುಗಳನ್ನು ಒಂದೊಂದಾಗಿ ಸೋಲಿಸುವ ನರರೋಗ ಹತ್ತಿದ್ದ ಗಂಡ ನಾರ್ಮನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆದೊಯ್ದು, ಸಾಯಲು ನೆರವಾಗಿ, ಅವರು ನಮ್ಮೂರು ಸ್ಕೇಲ್‌ಬ್ರಿಜ್‌ಗೆ ಒಂಟಿಯಾಗಿ ಮರಳಿದ್ದರಂತೆ. ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮ ಇಂಗ್ಲೆಂಡಿನಲ್ಲಿ ಕರೆದುಕೊಂಡು ಹೋದವರಿಗೆ ಜೈಲೂ ಆಗಬಹುದು.

ನಮ್ಮ ಠಾಣೆಗೆ ಇಂಥ ಕೇಸು ಬಂದರೆ ನನ್ನ ಮೇಜಿಗೇ ಬರುತ್ತದೆ. ಸಾರ್ಜೆಂಟ್ ಹಿಲರಿ ಸಗ್ಡನ್ ಒಳ್ಳೆಯವಳು, ಜನರ ಹತ್ತಿರ ಮೆತ್ತಗೆ ಮಾತಾಡ್ತಾಳೆ ಅಂತ ದೊಡ್ಡವರು ನನ್ನ ತಲೆಗೆ ಕಟ್ಟಿದ್ದಾರೆ. ಗಂಡನನ್ನೋ ತಾಯಿಯನ್ನೋ ಕಳೆದುಕೊಂಡವರ ಮನೆಗೆ ಹೋಗಿ, ಅವರದೇ ಚಹಾ ಕುಡಿದು, “ನೀವು ಒತ್ತಾಯ ಮಾಡಿದ್ರಾ?” ಎಂದು ಕೇಳುವ ಕೆಲಸ. ಪ್ರತಿ ಸಲವೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಆದರೆ ಈ ಮನೆಯಲ್ಲಿ ನನಗೆ ನಾಚಿಕೆಗಿಂತ ಅನುಮಾನವೇ ಹೆಚ್ಚಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಈಕೆ ಕುಂಬಳಕಾಯಿಯನ್ನು ಹೆಗಲ ಮೇಲೆ ಇಟ್ಟುಕೊಂಡೇ ಬಾಗಿಲು ತೆಗೆದಿದ್ದರು.

“ಆ ದಿನ ಮಧ್ಯಾಹ್ನದ್ದು ಇನ್ನೊಂದ್ಸಲ ಹೇಳಿ, ಮಿಸೆಸ್ ಹೋಲ್‌ರಾಯ್ಡ್.”

“ಅಯ್ಯೋ, ಹೇಳಿದ್ನಲ್ಲಮ್ಮಾ. ಲೋಟದಲ್ಲಿ ಔಷಧ ಕೊಟ್ರು. ಕಹಿ ಅಂದ್ರೆ ಕಹಿ. ನಮ್ಮ ನಾರ್ಮನ್ನು ಗಟಗಟ ಕುಡಿದ. ಆಮೇಲೆ ಒಂದು ಚೂರು ಚಾಕೊಲೇಟು. ಮಲಗಿದ, ಹೋದ.”

“ಆಮೇಲೆ?”

“ಆಮೇಲಿನ್ನೇನು? ನರ್ಸಮ್ಮ ಬಾಗಿಲು ಎಳ್ಕೊಂಡು ಹೋದ್ಲು. ಸಂಜೆ ತನಕ ನಾನು ಅವನ ಪಕ್ಕ ಕೂತಿದ್ದೆ. ಒಂದು ನರಪಿಳ್ಳೆ ಒಳಗೆ ಬರ್ಲಿಲ್ಲ. ಅಷ್ಟು ನೆಮ್ಮದಿ.”

“ಪೊಲೀಸರು?”

“ಯಾವ ಪೊಲೀಸರು?”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಅಲ್ಲಿ ಹೀಗೆ ಯಾರೇ ಸತ್ತರೂ ಆ ಊರಿನ ಪೊಲೀಸರು ಬರಲೇಬೇಕು, ಡಾಕ್ಟರೂ ಬರಬೇಕು. ಹೆಣವನ್ನು ನೋಡಿ, ಜೊತೆಗಿದ್ದವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ವಿಚಾರಿಸಿದ ಮೇಲೆಯೇ ಉಳಿದದ್ದು. ಹೋಗಿ ಬಂದವರು ನನ್ನ ಮುಂದೆ ಮೊದಲು ಎತ್ತುವುದೇ ಆ ವಿಷಯವನ್ನು. ‘ನನ್ನಮ್ಮನ ಹೆಣದ ಮುಂದೆ ನಿಂತು ಆ ಪೊಲೀಸಪ್ಪ ಟೋಪಿ ತೆಗೆದ’ ಎಂದು ಹೇಳುತ್ತಾ ಒಬ್ಬ ಗಟ್ಟಿಗ ಲಾರಿ ಡ್ರೈವರ್ ಬಿಕ್ಕಿ ಬಿಕ್ಕಿ ಅತ್ತಿದ್ದ.

“ಓ, ಅವರಾ?” ಎಂದರು ಎನಿಡ್. “ಬಂದಿದ್ರು ಬಂದಿದ್ರು. ಒಳ್ಳೆ ಹುಡುಗ್ರು.”

“ಒಂದು ನರಪಿಳ್ಳೆ ಬರ್ಲಿಲ್ಲ ಅಂದ್ರಿ.”

“ವಯಸ್ಸಾಯ್ತಲ್ಲ, ಮರ್ತುಹೋಗುತ್ತೆ.”

ಇದೇ ಹೆಂಗಸು ಕಳೆದ ವಾರ ತಮ್ಮ ಮದುವೆಯ ದಿನ ಯಾರು ಯಾರು ಯಾವ ಬಣ್ಣದ ಟೊಪ್ಪಿಗೆ ಹಾಕಿದ್ದರು ಎಂದು ನನಗೆ ವರದಿ ಒಪ್ಪಿಸಿದ್ದರು.

“ನಿನ್ನೆ ನಾನು ಆ ಸಂಸ್ಥೆಗೆ ಫೋನ್ ಮಾಡಿದ್ದೆ,” ಎಂದೆ.

ಎನಿಡ್ ಕೆಟಲ್ ತುಂಬಿಸಲು ಎದ್ದರು. ಕೆಟಲ್ ತುಂಬಿಯೇ ಇತ್ತು. ತುಂಬಿದ ಕೆಟಲನ್ನು ನಲ್ಲಿಯ ಕೆಳಗೆ ಹಿಡಿದು, ನೀರು ಕೈಮೇಲೆ ಹರಿಯುತ್ತಿದ್ದರೂ ಹಾಗೇ ನಿಂತರು.

“ನಾರ್ಮನ್ ಹೋಲ್‌ರಾಯ್ಡ್ ಅನ್ನೋರು ಅಲ್ಲಿ ಸತ್ತಿಲ್ಲ. ಬಂದಿದ್ರು, ಡಾಕ್ಟರನ್ನ ಎರಡು ಸಲ ನೋಡಿದ್ರು. ಗೊತ್ತುಮಾಡಿದ ದಿನ ಬೆಳಿಗ್ಗೆ ಫೋನ್ ಮಾಡಿ ಬರಲ್ಲ ಅಂದ್ರಂತೆ. ತೊಂದರೆ ಕೊಟ್ಟೆ, ಕ್ಷಮಿಸಿ ಅಂತ ಹತ್ತು ಸಲ ಅಂದ್ರಂತೆ. ಅಲ್ಲಿನ ಹೆಂಗಸು ನಗ್ತಾ ಇದ್ಲು. ‘ಎಷ್ಟೋ ಜನ ಹಿಂದೆ ಸರೀತಾರೆ, ನಮಗೇನೂ ಬೇಜಾರಿಲ್ಲ. ಬೇಕಾದ್ರೆ ಇನ್ನೊಂದು ದಿನ ಕೊಡ್ತೀವಿ ಅಂದ್ವಿ’ ಅಂದ್ಲು.”

ಎನಿಡ್ ನಲ್ಲಿ ನಿಲ್ಲಿಸಿದರು.

“ಹಾಗಾದ್ರೆ ಮುಂದಿನ ಕೋಣೆಯಲ್ಲಿ ಬೂದಿಪಾತ್ರೆ ಇಟ್ಟಿದ್ದೀರಲ್ಲ, ಅದರಲ್ಲಿ ಯಾರು?”

“ನಮ್ಮ ನಾರ್ಮನ್ನು.”

“ಅಲ್ಲಿ ಸಾಯದೆ ಇದ್ದವರು ಮತ್ತೆಲ್ಲಿ ಸತ್ರು? ನೋಡಿ, ಇಲ್ಲಿವರೆಗೆ ಇದು ನೆರವು ಕೊಟ್ಟ ಕೇಸು. ಕರುಣೆಯಿಂದ ಮಾಡಿದ್ದು ಅಂತ ಬಿಟ್ಟುಬಿಡೋರೇ ಹೆಚ್ಚು. ಇಲ್ಲಿಂದ ಮುಂದಕ್ಕೆ ಕೊಲೆ ಕೇಸು.”

ಎನಿಡ್ ತಿರುಗಿದರು. ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡರು. ಆಮೇಲೆ ಅವರು ಹೇಳಿದ ಮಾತು, ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ.

“ಕೊಲೆ ಅಂತಲೇ ಬರ್ಕೊಳ್ಳಿ.”

“ಏನಂದ್ರಿ?”

“ಕೊಂದೆ ಅಂತ ಬರ್ಕೊಳ್ಳಿ. ಜೈಲಾದ್ರೆ ಆಗ್ಲಿ.”

“ಮಿಸೆಸ್ ಹೋಲ್‌ರಾಯ್ಡ್, ಕೊಲೆಗಿಂತ ದೊಡ್ಡದು ಏನಿದೆ ನಿಮ್ಮನೇಲಿ ಮುಚ್ಚಿಡೋಕೆ?”

ಅವರು ಕುರ್ಚಿಯ ಮೇಲೆ ಕುಸಿದರು. ಕತ್ತಿನಿಂದ ಹಣೆಯವರೆಗೆ ಮುಖ ಕೆಂಪಾಗಿತ್ತು. ಸಿಟ್ಟಲ್ಲ, ಹೆದರಿಕೆಯೂ ಅಲ್ಲ. ಶುದ್ಧ ನಾಚಿಕೆ. ಅದನ್ನು ನಾನು ಗುರುತಿಸಬಲ್ಲೆ, ನನ್ನದೇ ಊರಿನ ಕಾಯಿಲೆ.

“ಬದುಕಿದ್ದಾನೆ ಕಣಮ್ಮಾ,” ಎಂದರು. “ನಮ್ಮ ನಾರ್ಮನ್ನು ಬದುಕಿದ್ದಾನೆ.”

ನನಗೆ ಮೊದಲು ಸಂತೋಷವೇ ಆಯಿತು. “ಅದರಲ್ಲಿ ಅಳೋಕೇನಿದೆ? ಸಿಹಿ ಹಂಚೋ ಸುದ್ದಿ ಅಲ್ವಾ!”

“ನಿಮಗೇನು ಗೊತ್ತು? ನೀವು ಆ ಟೀ ಪಾರ್ಟಿಗೆ ಬಂದಿರಲಿಲ್ಲ.”

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ನಾರ್ಮನ್‌ಗೆ ಬೀಳ್ಕೊಡುಗೆಯ ಚಹಾ ನಡೆದಿತ್ತು. ಊರೆಲ್ಲ ಬಂದಿತ್ತು. ಎಲ್ಲಿಗೆ ಹೋಗುತ್ತಿದ್ದಾರೆ, ಯಾಕೆ ಹೋಗುತ್ತಿದ್ದಾರೆ ಎಂದು ಪ್ರತಿಯೊಬ್ಬರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಹೇಳಿದರೆ ಎನಿಡ್‌ಗೆ ಪೊಲೀಸರ ಕಾಟ ಅಂತ ಒಂದು ಕಾರಣ. ಸಾವಿನ ಮಾತನ್ನು ಸ್ಯಾಂಡ್‌ವಿಚ್ ಮುಂದೆ ಎತ್ತುವುದು ನಮ್ಮವರಿಗೆ ಬರುವುದಿಲ್ಲ ಅನ್ನುವುದು ನಿಜವಾದ ಕಾರಣ. ಗೋಡೆಗೆ ‘ಶುಭ ಪ್ರಯಾಣ ನಾರ್ಮನ್’ ಎಂಬ ಬ್ಯಾನರ್ ಕಟ್ಟಿದ್ದರು. ಹ್ಯಾಮ್ ಸ್ಯಾಂಡ್‌ವಿಚ್, ಕೆನೆ ಹಾಕಿದ ಹಣ್ಣಿನ ಸಿಹಿ. ಕ್ಲಬ್ಬಿನ ಕಾರ್ಯದರ್ಶಿ ವಿಲ್ಫ್ ಬೂತ್ ಎರಡೂ ಕೈಯಲ್ಲಿ ನಾರ್ಮನ್ ಕೈ ಹಿಡಿದು, “ಅಲ್ಲಿ ಹವಾ ಚೆನ್ನಾಗಿರ್ಲಪ್ಪಾ” ಎಂದು ಹೇಳಿ, ಹೊರಗೆ ಹೋಗಿ ಗೋಡೆಗೆ ತಲೆಯಿಟ್ಟು ಅತ್ತನಂತೆ.

“ಅಷ್ಟೇ ಆಗಿದ್ರೆ ಹೇಗೋ ಸಹಿಸ್ಕೋಬಹುದಿತ್ತು,” ಎಂದರು ಎನಿಡ್. “ಬೆಂಚು ಬೇರೆ ಮಾಡಿಸಿದ್ರಲ್ಲ!”

ಆ ಬೆಂಚು ನನಗೆ ಗೊತ್ತು. ಕ್ಲಬ್ಬಿನ ಹುಲ್ಲಿನ ಅಂಚಿಗಿದೆ. ಹಿತ್ತಾಳೆಯ ಫಲಕದಲ್ಲಿ ನಾರ್ಮನ್ ಹೆಸರು, ಹುಟ್ಟಿದ ದಿನ, ಸತ್ತ ದಿನ. ಅಕ್ಷರ ಕೆತ್ತುವವನ ಹತ್ತಿರ ಕೆಲಸ ಜಾಸ್ತಿ, ಸತ್ತ ಮೇಲೆ ಹೇಳಿದರೆ ತಿಂಗಳುಗಟ್ಟಲೆ ಕಾಯಿಸುತ್ತಾನೆ ಎಂದು ವಿಲ್ಫ್ ಮೊದಲೇ ಹೇಳಿ ಮಾಡಿಸಿಟ್ಟಿದ್ದ. ಸಾಯುವ ದಿನ ಮುಂಚಿತವಾಗಿ ಗೊತ್ತಿತ್ತಲ್ಲ. ಕಳೆದ ವಾರ ಇಲ್ಲಿಂದ ಹೋಗುವಾಗ ನಾನೇ ಅದರ ಮೇಲೆ ಕೂತು ಚಿಪ್ಸ್ ತಿಂದಿದ್ದೆ.

“ಅವತ್ತು ಬೆಳಿಗ್ಗೆ ಹೋಟೆಲಲ್ಲಿ ಬೂಟು ಹಾಕಿ ಕೂರಿಸಿದ್ದೆ,” ಎಂದರು ಎನಿಡ್. “ಹಾಸಿಗೆ ಅಂಚಲ್ಲಿ ಕೂತು ನನ್ನ ಮುಖ ನೋಡಿದ. ‘ಎನಿಡ್, ನನ್ನ ಕೈಲಾಗಲ್ಲ ಕಣೇ. ನಂಗೆ ಇನ್ನೂ ಸ್ವಲ್ಪ ದಿನ ಬೇಕು’ ಅಂದ. ನಲವತ್ತು ವರ್ಷ ಬಾಳಿದ ಗಂಡ, ಸಾಯಲ್ಲ ಅಂತಿದ್ದಾನೆ. ನಾನು ತಬ್ಬಿಕೊಂಡು ಕುಣಿಬೇಕಿತ್ತು ಅಲ್ವಾ?”

“ಏನಂದ್ರಿ ನೀವು?”

ಎನಿಡ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು. “‘ವಿಲ್ಫ್‌ಗೆ ಏನು ಹೇಳೋದು?’ ಅಂದೆ. ನನ್ನ ಬಾಯಿಂದ ಬಂದ ಮೊದಲನೇ ಮಾತು ಅದು. ನನ್ನ ನಾಲಿಗೆ ಸೇದಿಹೋಗ.”

ಅವರ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆನೇನೋ ಎನಿಸಿತು. ಅಷ್ಟು ಜನರ ಕಣ್ಣೀರು ತೆಗೆದುಕೊಂಡು ಹೋದವನು ಮರುವಾರ ಬ್ರೆಡ್ ತರಲು ಅಂಗಡಿಗೆ ಬಂದು ನಿಂತರೆ?

ಮುಂದಿನ ಕೋಣೆಯ ಬೂದಿಪಾತ್ರೆಯಲ್ಲಿದ್ದದ್ದು ಒಲೆಯ ಬೂದಿ. ಆ ಬೂದಿಗೇ ಪಾದ್ರಿಗಳು ಬಂದು ಕಣ್ಣುಮುಚ್ಚಿ ಪ್ರಾರ್ಥನೆ ಹೇಳಿ ಹೋಗಿದ್ದರು. “ಆಡಂಬರ ಬೇಡ ಅಂದಿದ್ದ ಅಂತ ಹೇಳಿ ಅಂತ್ಯಕ್ರಿಯೆ ತಪ್ಪಿಸಿದೆ,” ಎಂದರು.

“ನಮಗೆ ಫೋನ್ ಮಾಡಿ ನಿಮ್ಮ ಮೇಲೆ ದೂರು ಕೊಟ್ಟ ಹೆಂಗಸು ಹೆಸರು ಹೇಳಲಿಲ್ಲ. ಯಾರಿರಬಹುದು?”

“ಇನ್ಯಾರು, ಪಕ್ಕದ್ಮನೆ ಮಾರ್ಜರಿ ಫರ್ತ್. ಕ್ಲಬ್ಬಲ್ಲಿ ನಾರ್ಮನ್ ಜೋಡಿ ಆಡೋಳು. ಆ ಟೀಗೆ ಬಂದು ಒಂದು ತುಂಡು ಬ್ರೆಡ್ ಮುಟ್ಟಲಿಲ್ಲ. ಮೂಲೇಲಿ ಕೈಕಟ್ಟಿ ನಿಂತಿದ್ದು, ‘ಇದೇನು ಹಬ್ಬಾನಾ?’ ಅಂತ ಕೇಳಿ ಹೊರಟುಹೋದ್ಲು. ಆವತ್ತಿಂದ ಮಾತಿಲ್ಲ ಕತೆಯಿಲ್ಲ. ಈಗ ಮನೆ ಬೀಗ ಹಾಕಿದೆ, ಮಗಳ ಮನೆಗೆ ಹೋಗಿದ್ದಾಳಂತೆ.”

“ಸರಿ. ನಾರ್ಮನ್ ಎಲ್ಲಿದ್ದಾರೆ?”

“ಸ್ಯಾಂಡ್ಸ್‌ವಿಕ್‌ನಲ್ಲಿ. ಸಮುದ್ರದ ಹತ್ರ ನಮ್ಮದೊಂದು ಕ್ಯಾರವಾನ್ ಇದೆ, ಬೇಸಿಗೆಗೆ ಹೋಗ್ತಿದ್ವಿ. ಈ ಚಳೀಲಿ ಅಲ್ಲಿ ಒಂದು ನಾಯೀನೂ ಇರಲ್ಲ. ವಿಮಾನ ಇಳಿದು ನೇರ ಅಲ್ಲಿಗೇ ಕರ್ಕೊಂಡು ಹೋದೆ. ತಂಗಿ ಮನೆಗೆ ಅಂತ ಹೇಳಿ ಬಸ್ಸಲ್ಲಿ ಹೋಗಿ ಅಡುಗೆ ಮಾಡಿಟ್ಟು, ಸ್ನಾನ ಮಾಡಿಸಿ, ಒಂದೆರಡು ದಿನ ಇದ್ದು ಬರ್ತಿದ್ದೆ. ಕಾಯಿಲೆಯಿಂದ ಅವನಾಗಿ ಹೋದ್ಮೇಲೆ ಯಾರಿಗೂ ಗೊತ್ತಾಗದ ಹಾಗೆ…”

“ಕೊನೆಗೆ ಯಾವಾಗ ಹೋಗಿದ್ರಿ?”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು.

“ನೀವು ಹೇಳಿ ಹೋದ್ರಲ್ಲಮ್ಮಾ. ನಾನು ಮತ್ತೆ ಬರೋವರೆಗೂ ಊರು ಬಿಟ್ಟು ಕದಲಬೇಡಿ ಅಂತ.”

ಕಳೆದ ವಾರದ ಮಾತು. ನಾನು ನನ್ನ ಪಾಡಿಗೆ ಹೇಳಿ ಹೋಗಿದ್ದೆ, ಎಲ್ಲರಿಗೂ ಹೇಳುವಂತೆ. ಅಲ್ಲಿಂದ ಇಲ್ಲಿಯವರೆಗೆ, ಕೆಟಲ್ ಎತ್ತಲಾಗದ ಒಬ್ಬ ಮನುಷ್ಯ ಚಕ್ರದ ಮೇಲಿನ ಆ ತಗಡಿನ ಡಬ್ಬಿಮನೆಯೊಳಗೆ ಒಬ್ಬನೇ.

“ಫೋನ್ ಇಲ್ವಾ ಅವರ ಹತ್ರ?”

“ಇದೆ. ಬೆರಳು ಆಡಲ್ಲ. ನಾನು ಮಾಡಿದ್ರೆ ಎತ್ತಿಲ್ಲ.”

“ಎತ್ತಿಲ್ಲ! ಮತ್ತೆ ಹೇಳಬಾರದಿತ್ತಾ ನನಗೆ? ಒಂದು ಮಾತು ಫೋನ್ ಮಾಡಿದ್ರೆ ಆಗ್ತಿತ್ತು!”

“ಹೇಳಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತಲ್ಲ,” ಎಂದರು, ಎಳೆಮಗುವಿನ ಹಾಗೆ.

ನನಗೆ ಮೈಯೆಲ್ಲ ಉರಿದುಹೋಯಿತು. ಒಲೆಯ ಮೇಲಿದ್ದ ಮಾಂಸದ ಪೈ ತಟ್ಟೆಯನ್ನು ಅವರು ನಾರ್ಮನ್‌ಗೆಂದು ಬಟ್ಟೆಯಲ್ಲಿ ಸುತ್ತುತ್ತಿದ್ದರೆ, ಅದನ್ನು ಕಿತ್ತು ಎಸೆಯಬೇಕು ಅನಿಸಿತು. ಎಸೆಯಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಅವರನ್ನು ಕಟ್ಟಿಹಾಕಿದವಳು ನಾನು. ಕೋಟು ಹಾಕಿಸಿ ಕಾರಿನಲ್ಲಿ ಕೂರಿಸಿಕೊಂಡೆ.

ಹೊರಡುವ ಮುಂಚೆ ಸ್ಯಾಂಡ್ಸ್‌ವಿಕ್ ಠಾಣೆಗೆ ಫೋನ್ ಮಾಡಿ, ತಕ್ಷಣ ಯಾರನ್ನಾದರೂ ಕ್ಯಾರವಾನಿಗೆ ಕಳಿಸಿ, ಬಾಗಿಲು ಒಡೆಯಬೇಕಾದರೆ ಒಡೆಯಿರಿ ಎಂದಿದ್ದೆ.

ದಾರಿಯುದ್ದಕ್ಕೂ ಎನಿಡ್ ಪೈ ತಟ್ಟೆಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದರು. ಒಮ್ಮೆ ಮಾತ್ರ ಕೇಳಿದರು: “ಸತ್ತುಹೋಗಿದ್ರೆ, ಸಾರ್ಜೆಂಟ್, ಆ ಫಲಕದಲ್ಲಿರೋ ತಾರೀಖು ತಪ್ಪಾಗುತ್ತಲ್ವಾ?”

“ದಯವಿಟ್ಟು ಸುಮ್ಮನಿರಿ,” ಎಂದೆ.

ಗುಡ್ಡ ಇಳಿದು ಸಮುದ್ರ ಕಾಣುವ ಹೊತ್ತಿಗೆ ನನಗೆ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ಸ್ಯಾಂಡ್ಸ್‌ವಿಕ್‌ನ ಪೇದೆಯ ದನಿ ಹರ್ಷದಿಂದಿತ್ತು.

“ಸಾರ್ಜೆಂಟ್, ಗಾಬರಿ ಆಗ್ಬೇಡಿ. ಮನುಷ್ಯ ಗಟ್ಟಿಯಾಗಿದ್ದಾರೆ. ಸೂಪ್ ಕುಡೀತಿದ್ರು. ಬಾಗಿಲು ಒಡೆಯೋ ಹಾಗೂ ಬರ್ಲಿಲ್ಲ, ಹೆಂಡ್ತಿ ತೆಗೆದ್ರು.”

“ಯಾರು ತೆಗೆದ್ರು?”

“ಮಿಸೆಸ್ ಹೋಲ್‌ರಾಯ್ಡ್. ಚೆನ್ನಾಗಿ ನೋಡ್ಕೊಳ್ತಿದ್ದಾರೆ ಪಾಪ. ನಮಗೂ ಟೀ ಕೊಟ್ರು.”

ನಾನು ಪಕ್ಕಕ್ಕೆ ನೋಡಿದೆ. ಮಿಸೆಸ್ ಹೋಲ್‌ರಾಯ್ಡ್ ಬಾಯಿ ತೆರೆದು ಸ್ಪೀಕರನ್ನೇ ನೋಡುತ್ತಿದ್ದರು.

“ಹಾಗಾದ್ರೆ ನಾನ್ಯಾರು?” ಎಂದರು.

ಕ್ಯಾರವಾನುಗಳ ಬಯಲಿನಲ್ಲಿ ಒಂದೇ ಒಂದರಲ್ಲಿ ದೀಪವಿತ್ತು. ಚಿಮಣಿಯಿಂದ ಹೊಗೆ ಬರುತ್ತಿತ್ತು. ಹಗ್ಗದ ಮೇಲೆ ಗಂಡಸಿನ ಪೈಜಾಮ, ಒಳಅಂಗಿ, ಎಲ್ಲ ಬೆಳ್ಳಗೆ ಒಗೆದು ಹಾಕಿದ್ದು, ಸಮುದ್ರದ ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಎನಿಡ್ ಅವುಗಳನ್ನು ಒಂದೊಂದಾಗಿ ನೋಡುತ್ತಾ ನಡೆದರು.

ನಾನು ತಟ್ಟುವ ಮೊದಲೇ ಬಾಗಿಲು ತೆರೆಯಿತು. ಎತ್ತರದ, ಮೂಳೆ ಗಟ್ಟಿಯ ಹೆಂಗಸು. ತೋಳು ಮಡಿಸಿದ ಸ್ವೆಟರ್, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ.

“ಮಾರ್ಜರಿ!” ಎಂದರು ಎನಿಡ್. “ನೀನು ಮಗಳ ಮನೆಗೆ…”

“ನೀನು ತಂಗಿ ಮನೆಗೆ ಹೋಗ್ತಿದ್ಯಲ್ಲ, ಹಾಗೇ.” ಮಾರ್ಜರಿ ಫರ್ತ್ ಹೊರಗೆ ಮೆಟ್ಟಿಲಿಗೆ ಬಂದು ಬೆನ್ನ ಹಿಂದೆ ಬಾಗಿಲು ಎಳೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಸಾರ್ಜೆಂಟ್ ನೀವೇನಾ? ಪೇದೆ ಹತ್ರ ಸುಳ್ಳು ಹೇಳಿದ್ದು ತಪ್ಪು, ಒಪ್ಕೋತೀನಿ. ನಿಮ್ಮ ಠಾಣೆಗೆ ಫೋನ್ ಮಾಡಿ ಇವಳ ಮೇಲೆ ದೂರು ಹೇಳಿದ್ದೂ ನಾನೇ.”

“ನಾರ್ಮನ್ ಬದುಕಿದ್ದಾರೆ ಅಂತ ಗೊತ್ತಿದ್ದೂ?”

“ಗೊತ್ತಿದ್ದಕ್ಕೇ ಮಾಡಿದ್ದು. ನಾರ್ಮನ್ನು ನಂಗೆ ಫೋನ್ ಮಾಡಿದ. ಬೆರಳು ಆಡಲ್ಲ, ಮೂಗಿನ ತುದೀಲಿ ಗುಂಡಿ ಒತ್ತಿ ಮಾಡಿದ. ದೆವ್ವ ಮಾತಾಡ್ತಿದೆ ಅಂತ ಫೋನ್ ಎಸೆದಿದ್ದೆ.” ಅವರು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡರು. “ಇವಳು ಮತ್ತೆ ಆ ದೇಶಕ್ಕೆ ಫೋನ್ ಹಚ್ಚಿದ್ದಾಳೆ ಸಾರ್ಜೆಂಟ್. ಅವನು ಸಾಯೋಕೆ ಇನ್ನೊಂದು ದಿನ ಕೇಳಿದ್ದಾಳೆ. ನೀವು ಮನೆಗೆ ಬಂದು ಹೋದ್ರೆ ಇವಳು ಊರು ಬಿಟ್ಟು ಬರೋ ಹಾಗಿಲ್ಲ ಅಂತ ನಂಗೆ ಗೊತ್ತಿತ್ತು. ಇವಳನ್ನ ಅವನಿಂದ ದೂರ ಇಡೋಕೆ ಬೇರೆ ದಾರಿ ಕಾಣಲಿಲ್ಲ. ನೀವು ನೋಡಿದ್ರೆ ಕಾರಲ್ಲಿ ಕೂರಿಸ್ಕೊಂಡು ನೀವೇ ತಂದು ಬಿಟ್ರಲ್ಲ!”

ನೆಲ ಬಿರಿದು ನುಂಗಬಾರದೆ ಎನಿಸಿತು. ಬೆಳಗಿನಿಂದ ಈ ಮುದುಕಿಯ ಕಣ್ಣೀರಿಗೆ ಕರಗಿ, ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ.

ಈಗ ಕೇಳಿದೆ. “ಮಿಸೆಸ್ ಹೋಲ್‌ರಾಯ್ಡ್, ನೀವು ಅವರನ್ನ ಒತ್ತಾಯ ಮಾಡಿದ್ರಾ?”

“ಒತ್ತಾಯ!” ಎನಿಡ್ ಪೈ ತಟ್ಟೆಯನ್ನು ಎದೆಗವಚಿಕೊಂಡರು. “ದೇವರಾಣೆ ಬರೀ ವಿಚಾರಿಸಿದ್ದು ಕಣಮ್ಮಾ. ದಿನ ಸಿಗುತ್ತಾ ಅಂತ ಕೇಳಿದೆ, ಅಷ್ಟೇ. ಅವನನ್ನ ಕೇಳಿಯೇ ಮಾಡಿದ್ದು. ಹೂಂ ಅಂದ.”

“ಹೂಂ ಅಂದೇ ಅಂತಾನೆ!” ಎಂದರು ಮಾರ್ಜರಿ. “ನೀನು ಕೇಳಿದ್ದಕ್ಕೆ ಅವನು ಯಾವತ್ತು ಇಲ್ಲ ಅಂದಿದ್ದಾನೆ?”

“ಹೋಟೆಲಲ್ಲಿ ಅಂದ!”

“ಅದೊಂದು ಸಲ. ಆಮೇಲೆ ನೀನು ಏನಂದೆ?”

ವಿಲ್ಫ್‌ಗೆ ಏನು ಹೇಳೋದು ಎಂಬ ಆ ಮಾತು ನನಗೂ ಗೊತ್ತಿತ್ತು, ಮಾರ್ಜರಿಗೂ ಗೊತ್ತಿತ್ತು. ಅದು ಒಳಗಿರುವವನಿಂದಲೇ ಬಂದಿರಬೇಕು.

ಒಳಗೆ ಏನೋ ಉರುಳಿದ ಸದ್ದಾಯಿತು. ಆಮೇಲೆ ಒಬ್ಬ ಗಂಡಸಿನ ದನಿ, ನಿಧಾನವಾಗಿ, ಒಂದೊಂದು ಪದವನ್ನೂ ಎತ್ತಿ ಇಡುತ್ತಾ:

“ಮಾರ್ಜರಿ… ಎನಿಡ್ ಬಂದಿದ್ರೆ ಒಳಗೆ ಬಿಡಬೇಡ. ಅವಳು ಎದುರಿಗೆ ಬಂದು ಕೇಳಿದ್ರೆ… ನಂಗೆ ಬೇಡ ಅನ್ನೋಕೆ ಬರಲ್ಲ.”

ಕ್ಯಾರವಾನಿನ ಗೋಡೆ ತೆಳ್ಳಗೆ. ಎನಿಡ್ ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಂಡರು. ಅಳಲಿಲ್ಲ. ಪೈ ತಟ್ಟೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟರು, ಕೂದಲು ಸರಿಮಾಡಿಕೊಂಡರು. ಆಮೇಲೆ ಮಾರ್ಜರಿಯ ಹೆಗಲ ಆಚೆಗೆ, ಮುಚ್ಚಿದ ಬಾಗಿಲಿಗೆ, ದಿನಾ ಮನೆಯಲ್ಲಿ ಕರೆಯುವ ಮಾಮೂಲಿ ದನಿಯಲ್ಲಿ ಕರೆದರು.

“ನಾರ್ಮನ್? ನಾನು ಕಣೋ. ಚಳಿ ಇದೆ ಹೊರಗೆ. ಒಳಗೆ ಬರ್ಲಾ?”

ಬೇಡ ಅನ್ನಿ, ಒಂದೇ ಒಂದು ಸಲ ಬೇಡ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

“ಹೂಂ,” ಎಂದಿತು ದನಿ. “ಬಾ ಎನಿಡ್.”

ಎನಿಡ್ ಮೆಟ್ಟಿಲ ಮೇಲೆ ಕಾಲಿಟ್ಟರು. ಮಾರ್ಜರಿ ಬಾಗಿಲಿನ ಎರಡೂ ಪಕ್ಕ ಕೈ ಚಾಚಿ ಅಡ್ಡ ನಿಂತರು. ಇಬ್ಬರೂ ತಿರುಗಿ ನನ್ನ ಮುಖ ನೋಡಿದರು.